ಆಂಟೀ, ಬಾಲ್!

ಏಪ್ರಿಲ್ ಬಂತೆಂದರೆ ನಾರ್ತ್ ಕೆರೊಲಿನಾದ ಪೈನ್ ಮರಗಳು ಊರಿಗೆಲ್ಲ ಅರಿಶಿನ ಹಚ್ಚುತ್ತವೆ. ಬೆಳಿಗ್ಗೆ ತೊಳೆದ ಕಾರು ಸಂಜೆಗೆ ಹಳದಿ ಪರಾಗ ಮೆತ್ತಿಕೊಂಡು, ಅರಿಶಿನ ಶಾಸ್ತ್ರ ಮುಗಿಸಿದ ಮದುಮಗನ ಹಾಗೆ ನಿಂತಿರುತ್ತದೆ. ಅಂಥ ಒಂದು ಸಂಜೆ, ಸೀನುತ್ತಾ ಮೂಗು ಒರೆಸಿಕೊಳ್ಳುತ್ತಾ, ಡರ್ಹಮ್ ಬುಲ್ಸ್ ತಂಡದ ಬೇಸ್‌ಬಾಲ್ ನೋಡಲು ಹೊರಟೆವು.

ಲಂಚದ ಟಿಕೆಟ್ಟು ಅದು. ಎಂಟು ವರ್ಷದ ಮಗನಿಗೆ ಭಾನುವಾರದ ಕನ್ನಡ ಕ್ಲಾಸಿನ ಹೋಂವರ್ಕ್ ಅಂದರೆ ಹೊಟ್ಟೆನೋವು. ಸ್ವರಗಳನ್ನೆಲ್ಲ ಬರೆದರೆ ಮ್ಯಾಚಿಗೆ ಕರೆದುಕೊಂಡು ಹೋಗುತ್ತೇನೆ ಎಂದಿದ್ದೆ. ಓ ತನಕ ಹೇಗೋ ಬಂದ. ಔ ಮಾತ್ರ ಪ್ರತಿ ಸಲ ಜಿಲೇಬಿ. ಕೊನೆಗೆ ಔ ಒಂದನ್ನು ಬಿಟ್ಟು ರಾಜಿ ಮಾಡಿಕೊಂಡೆವು.

ಬುಲ್ಸ್ ಮೈನರ್ ಲೀಗ್ ತಂಡ. ಟ್ರಿಪಲ್ ಎ, ಅಂದರೆ ದೊಡ್ಡ ಲೀಗಿಗೆ ಒಂದೇ ಮೆಟ್ಟಿಲು ಕೆಳಗೆ. ಇಲ್ಲಿ ಚೆನ್ನಾಗಿ ಆಡಿದವನಿಗೆ ಟ್ಯಾಂಪಾ ಬೇ ರೇಸ್ ತಂಡದಿಂದ ಕರೆ ಬರುತ್ತದೆ. ಅಲ್ಲಿ ಫಾರ್ಮ್ ಕಳೆದುಕೊಂಡವನು ಮತ್ತೆ ಇಲ್ಲಿಗೇ ಬರುತ್ತಾನೆ. ನಮ್ಮ ರಣಜಿ ಅನ್ನಿ. ಒಂದೇ ವ್ಯತ್ಯಾಸ, ಇಲ್ಲಿ ನೋಡೋಕೆ ಜನ ಇರ್ತಾರೆ.

1995ರಲ್ಲಿ ಶುರುವಾದ ಈ ಮೈದಾನದಲ್ಲಿ ಎಡಗಡೆ ಎತ್ತರದ ನೀಲಿ ಗೋಡೆ. ಅದರ ಮೇಲೆ ದೊಡ್ಡ ಗೂಳಿಯ ಬೋರ್ಡು. ಗೂಳಿಗೆ ಚೆಂಡು ತಾಗಿಸಿದರೆ ಸ್ಟೇಕ್, ಅದರ ಕಾಲಡಿಯ ಹುಲ್ಲಿಗೆ ತಾಗಿಸಿದರೆ ಸಲಾಡ್ ಎಂದು ಬರೆದಿದೆ. ಬುಲ್ಸ್ ಆಟಗಾರ ಹೋಮ್ ರನ್, ನಮ್ಮ ಸಿಕ್ಸರ್ ಅನ್ನಿ, ಹೊಡೆದರೆ ಗೂಳಿಯ ಕಣ್ಣು ಕೆಂಪಾಗಿ, ಮೂಗಿನಿಂದ ಹೊಗೆ ಬಂದು, ಬಾಲ ಅಲ್ಲಾಡುತ್ತದೆ.

ನಾನು, ನನ್ನ ಹೆಂಡತಿ ಇಬ್ಬರೂ ಬಸವನಗುಡಿಯವರು. ಹೊಲಕ್ಕೆ ನುಗ್ಗಿ ಕಡಲೆಕಾಯಿ ಮೇಯುತ್ತಿದ್ದ ಬಸವನಿಗೇ ಮೊದಲ ಬೆಳೆ ಒಪ್ಪಿಸಿ ರಾಜಿಯಾದರು ಎಂದು ಕಥೆ ಕೇಳಿ ಬೆಳೆದವರು. "ಬಸವಣ್ಣನಿಗೆ ಹೊಡೆದು, ಆಮೇಲೆ ತಿನ್ನೋದು ಬೇರೆನಾ?" ಎಂದಳು. ಅಲ್ಲಿಂದ ಪ್ರತಿ ಬ್ಯಾಟರ್ ಬಂದಾಗಲೂ ಅವಳದು ಒಂದೇ ಜಪ: "ಹುಲ್ಲಿಗೆ, ಹುಲ್ಲಿಗೆ." ಅಷ್ಟರಲ್ಲಿ ಮಗ ಸಿಪ್ಪೆ ಸಮೇತ ಹುರಿದ ಕಡಲೆಕಾಯಿ ಪೊಟ್ಟಣ ತಂದ. ಎದುರಿಗೆ ಬಸವ, ಕೈಯಲ್ಲಿ ಕಡಲೆಕಾಯಿ. ಕಾರ್ತಿಕದ ಕೊನೇ ಸೋಮವಾರ ಅಲ್ಲ ಅನ್ನೋದು ಬಿಟ್ಟರೆ ಪರಿಷೆಯೇ ಸರಿ.

ಆಟ ನನಗೆ ಅರೆಬರೆ ಅರ್ಥವಾಗುತ್ತಿತ್ತು. ಒಬ್ಬ ಚೆಂಡನ್ನು ತೆಳ್ಳಗೆ ಸವರಿ ಹಿಂದಕ್ಕೆ ಕಳಿಸಿದ. "ಆಹಾ, ಲೇಟ್ ಕಟ್!" ಎಂದು ಎದ್ದು ಚಪ್ಪಾಳೆ ತಟ್ಟಿದೆ. ನನ್ನದೊಂದೇ ಚಪ್ಪಾಳೆ. ಫೌಲ್ ಅಂತೆ, ಅದನ್ನು ಸ್ಟ್ರೈಕ್, ಅಂದರೆ ತಪ್ಪಿದ ಹೊಡೆತ, ಎಂದು ಅವನ ಲೆಕ್ಕಕ್ಕೇ ಬರೆಯುತ್ತಾರಂತೆ. ಲೇಟ್ ಕಟ್‌ಗೆ ಹೆಸರಾದ ನಮ್ಮ ಜಿ.ಆರ್. ವಿಶ್ವನಾಥ್ ಇಲ್ಲಿ ಹುಟ್ಟಿದ್ದರೆ ಏನು ಗತಿ!

ಆರನೇ ಇನ್ನಿಂಗ್ಸ್‌ನಲ್ಲಿ ಇಂಥದೇ ಇನ್ನೊಂದು ಫೌಲ್ ಬಲೆ ದಾಟಿ ನಮ್ಮ ಕಡೆ ಬಂತು. ಸುತ್ತಲಿನವರೆಲ್ಲ ಕೈ ಚಾಚಿ ಎದ್ದರು. ನಾನು ತಲೆ ಮುಚ್ಚಿಕೊಂಡು ಬಗ್ಗಿದೆ. ಚೆಂಡು ಹಿಂದಿನ ಖಾಲಿ ಸೀಟಿಗೆ ಬಡಿದು, ಪುಟಿದು, ನನ್ನ ಮಡಿಲಿನ ಕಡಲೆಕಾಯಿ ಪೊಟ್ಟಣಕ್ಕೇ ಬಿತ್ತು. ಎತ್ತಿ ನೋಡಿದೆ. ಬಿಳಿ ಚರ್ಮ, ಕೆಂಪು ಹೊಲಿಗೆ, ಬ್ಯಾಟ್ ತಾಗಿದ ಕಡೆ ಸಣ್ಣ ಕಂದು ಕಲೆ. ಕ್ರಿಕೆಟ್ ಚೆಂಡಿಗಿಂತ ಚೂರು ಹಗುರ. ಜನರೆಲ್ಲ ನನ್ನನ್ನೇ ನೋಡಿ ಕೂಗುತ್ತಿದ್ದರು.

ಇಲ್ಲಿ ಒಂದು ಮಾತು ಹೇಳಲೇಬೇಕು. ನನ್ನ ಅರ್ಧ ಬಾಲ್ಯ ಪಕ್ಕದ ಮನೆ ಗೇಟಿನ ಮುಂದೆ "ಆಂಟೀ, ಬಾಲ್!" ಎಂದು ಕೂಗುವುದರಲ್ಲೇ ಕಳೆದಿದೆ. ಚೆಂಡು ಕೊಡದವರ ಮೇಲೆ ನನಗಿದ್ದ ಸಿಟ್ಟು ಅಷ್ಟಿಷ್ಟಲ್ಲ. ಈಗ ಇಷ್ಟು ಜನ ಕೂಗುತ್ತಿದ್ದಾರೆ, ಪಾಪ, ಆಟ ಬೇರೆ ನಿಂತಿದೆ. ಎದ್ದು ನಿಂತು, ಡೀಪ್ ಮಿಡ್‌ವಿಕೆಟ್‌ನಿಂದ ಎಸೆದ ಹಾಗೆ, ಮೊದಲ ಬೇಸ್‌ನಲ್ಲಿದ್ದವನಿಗೆ ಎಸೆದೆ. ಒಂದೇ ಪುಟಕ್ಕೆ ಅವನ ಕಾಲ ಬಳಿ! ಈ ವಯಸ್ಸಿಗೆ ಅದು ಒಳ್ಳೆಯ ಥ್ರೋ, ಯಾರೂ ಹೇಳಲಿಲ್ಲ ಅಷ್ಟೇ.

ಕೂಗು ನಿಂತಿತು. ಆಮೇಲೆ "ಬೂ" ಶುರುವಾಯಿತು.

"ಅಪ್ಪಾ, ಅದು ನಮ್ದು," ಎಂದ ಮಗ, ಸಣ್ಣ ದನಿಯಲ್ಲಿ. ಪಕ್ಕದ ತಾತ ನಿಧಾನವಾಗಿ ವಿವರಿಸಿದರು. ಸಿಕ್ಕ ಚೆಂಡು ಸಿಕ್ಕವರಿಗೇ. ಎಷ್ಟೋ ವರ್ಷದಿಂದ ಬರುತ್ತಿದ್ದಾರಂತೆ, ಒಂದೂ ಸಿಕ್ಕಿಲ್ಲವಂತೆ. ಮೈದಾನಕ್ಕೆ ಏನೂ ಎಸೆಯಬಾರದು ಎಂದು ಸಿಬ್ಬಂದಿಯವರೊಬ್ಬರು ಬಂದು ನಗುನಗುತ್ತಲೇ ಎಚ್ಚರಿಸಿ ಹೋದರು. ರಣಜಿಯಲ್ಲಿ 80 ಓವರ್ ಆಗುವ ತನಕ ಅದೇ ಚೆಂಡನ್ನು ಪ್ಯಾಂಟಿಗೆ ಉಜ್ಜಿ ಉಜ್ಜಿ ಆಡುತ್ತಾರೆ. ಇಲ್ಲಿ ಮಣ್ಣು ತಾಗಿದರೂ ಬೇರೆ ಚೆಂಡು. ನನಗೇನು ಗೊತ್ತು? ನನ್ನ ಚೆಂಡನ್ನು ಹೆಕ್ಕಿಕೊಂಡ ಹುಡುಗ ಅದನ್ನು ಆ ಕಡೆಯ ಮುಂದಿನ ಸಾಲಿನ ಪುಟ್ಟ ಹುಡುಗಿಗೆ ಕೊಟ್ಟ. ಅವಳು ಅದಕ್ಕೆ ಮುತ್ತು ಕೊಟ್ಟಳು. ಅದನ್ನು ದೊಡ್ಡ ಪರದೆಯಲ್ಲಿ ಬೇರೆ ತೋರಿಸಿದರು.

ಏಳನೇ ಇನ್ನಿಂಗ್ಸ್ ಮಧ್ಯೆ ಎಲ್ಲರೂ ಎದ್ದು ನಿಂತರು. ಸದ್ಯ ಮುಗಿಯಿತಲ್ಲ ಎಂದು ನಾನು ಸಿಪ್ಪೆಯನ್ನೆಲ್ಲ ಚೀಲಕ್ಕೆ ತುಂಬಿಕೊಂಡು ಮೆಟ್ಟಿಲು ಹತ್ತಿದೆ. ಅವರು ಬರೀ ಮೈಮುರಿದು, ಹಾಡು ಹೇಳಿ, ಮತ್ತೆ ಕೂತರು. ನಾನೂ ವಾಪಸ್ ಬಂದು ಕೂತೆ. ತಾತ ಏನೂ ಕೇಳಲಿಲ್ಲ, ಒಳ್ಳೆಯವರು.

ಬುಲ್ಸ್ ಸೋತರು. ಗೂಳಿ ಬಾಲ ಅಲ್ಲಾಡಿಸಲಿಲ್ಲ, ಸಲಾಡೂ ಯಾರಿಗೂ ಸಿಗಲಿಲ್ಲ. ಪಾರ್ಕಿಂಗ್ ತನಕ ಮಗ ನನ್ನ ಜೊತೆ ಮಾತಾಡಲಿಲ್ಲ. ನಾನು ಕೀ ಹುಡುಕುತ್ತಿದ್ದಾಗ ಅವನು ಹಿಂದಿನ ಗಾಜಿನ ಪರಾಗದ ಮೇಲೆ ಬೆರಳಲ್ಲಿ ಏನೋ ಗೀಚುತ್ತಿದ್ದ. ಫೋನಿನ ಲೈಟ್ ಹಾಕಿ ನೋಡಿದೆ.

"ಅಪ್ಪ ಔಟ್."

ಔ ಎಷ್ಟು ದುಂಡಗೆ ಬಂದಿತ್ತು ಅಂತೀರಾ! ನಾಲ್ಕು ದಿನ ಕಾರು ತೊಳೆಯಲಿಲ್ಲ.