ಬೋರ್ಡೇ ಹೋಗಿದೆಯಂತೆ!

ಸತ್ತುಬಿದ್ದಿದ್ದ ತಂಗಿಯ ಲ್ಯಾಪ್‌ಟಾಪ್ ಇವತ್ತು ಎಸ್‌ಪಿ ರೋಡಿನಲ್ಲಿ, ಅದೇ ಬೆಂಗಳೂರಿನ ಎಲೆಕ್ಟ್ರಾನಿಕ್ಸ್ ಬೀದಿಯಲ್ಲಿ, ಆನ್ ಆಯಿತು. ಖುಷಿಯೂ ಇದೆ, ಸಿಟ್ಟೂ ಇದೆ. ಸಿಟ್ಟೇ ಜಾಸ್ತಿ, ಅದಕ್ಕೇ ಅದನ್ನೇ ಮೊದಲು ಕಾರಿಕೊಳ್ಳುತ್ತೇನೆ.

ಕಂಪನಿಯ ಸರ್ವಿಸ್ ಸೆಂಟರಿನಲ್ಲಿ (ಯಾವ ಕಂಪನಿ ಅಂತ ಕೇಳಬೇಡಿ) ಹೇಳಿದ್ದಿಷ್ಟು: "ಬೋರ್ಡ್ ಹೋಗಿದೆ ಸರ್, ಚೇಂಜ್ ಮಾಡಬೇಕು. 38,000 ಆಗುತ್ತೆ." ಬೋರ್ಡ್ ಅಂದರೆ ಮದರ್‌ಬೋರ್ಡ್, ಚಿಪ್‌ಗಳೆಲ್ಲ ಕೂತಿರುವ ಹಲಗೆ. ಅದರಲ್ಲಿ ಏನು ಹೋಗಿದೆ ಅಂತ ಕೇಳಿದೆ. "ಬೋರ್ಡೇ ಹೋಗಿದೆ ಸರ್."

ಎಲ್ಲಿಗೆ ಹೋಯಿತಪ್ಪಾ? ಚಾರ್ಜರ್ ಚುಚ್ಚಿದ ಕೂಡಲೇ ಚಾರ್ಜರಿನ ದೀಪ ಆರುತ್ತೆ ಅಂತ ತಂಗಿ ಎರಡೆರಡು ಸಲ ಹೇಳಿದಳು. ಯಾರೂ ಕಿವಿಗೆ ಹಾಕಿಕೊಳ್ಳಲಿಲ್ಲ. ಒಂದು ಹೆಂಚು ಒಡೆದರೆ ಮನೆ ಕೆಡವಿ ಕಟ್ಟಿಸಿ ಅನ್ನೋ ಜನ ಇವರು.

ಎಸ್‌ಪಿ ರೋಡಿನ ಮಹಡಿ ಮೇಲಿನ ಅಂಗಡಿಯವರು ಅದೇ ಮಾತು ಕೇಳಿ, ತಲೆ ಎತ್ತದೆ "ಶಾರ್ಟ್ ಇದೆ" ಅಂದರು. ಅಂದರೆ ಕರೆಂಟು ದಾರಿ ತಪ್ಪಿ ನೇರ ಗ್ರೌಂಡಿಗೆ ಹರಿಯುತ್ತಿದೆ. ಮೊದಲು ಬ್ಯಾಟರಿ ಬಿಚ್ಚಿದರು. ಮಲ್ಟಿಮೀಟರಿನ ಒಂದು ಕಡ್ಡಿ ಗ್ರೌಂಡಿಗೆ, ಇನ್ನೊಂದು ಚಾರ್ಜರಿನಿಂದ ಬರುವ 19 ವೋಲ್ಟ್ ಲೈನಿಗೆ. ಶಾರ್ಟ್ ಇದ್ದರೆ ಕೂಗುವ ಮೀಟರ್ ಕುಯ್ ಅಂತು. ಆದರೆ ಆ ಲೈನಿನಲ್ಲಿ ಕೆಪಾಸಿಟರ್‌ಗಳು (ವಿದ್ಯುತ್ತನ್ನು ಚೂರು ಹಿಡಿದಿಡುವ ಪುಟ್ಟ ಬಿಡಿಭಾಗಗಳು) ಪ್ಯಾರಲಲ್ ಆಗಿ, ಅಂದರೆ ಎಲ್ಲವೂ ಲೈನು ಮತ್ತು ಗ್ರೌಂಡಿನ ನಡುವೆಯೇ ಕೂತಿರುತ್ತವೆ. ಒಂದು ಶಾರ್ಟ್ ಆದರೆ ಯಾವುದರ ಮೇಲೆ ಕಡ್ಡಿ ಇಟ್ಟರೂ ಮೀಟರ್ ಕೂಗುತ್ತೆ. ಕಳ್ಳ ಯಾರು ಅಂತ ಮೀಟರ್ ಹೇಳಲ್ಲ.

ಆಮೇಲೆ ನಡೆದದ್ದನ್ನು ನೀವು ನೋಡಬೇಕಿತ್ತು. ಪವರ್ ಸಪ್ಲೈಯನ್ನು 1 ವೋಲ್ಟಿಗೆ ಇಳಿಸಿ ಅದೇ ಲೈನಿಗೆ ಕೊಟ್ಟರು. ಕಡಿಮೆ ವೋಲ್ಟೇಜ್ ಯಾಕೆ ಅಂದರೆ ಒಳ್ಳೆ ಚಿಪ್‌ಗಳು ಸುಡಬಾರದು. ಬೋರ್ಡಿನ ಮೇಲೆ ಐಪಿಎ, ಅಂದರೆ ಐಸೋಪ್ರೊಪೈಲ್ ಆಲ್ಕೋಹಾಲ್, ಚಿಮುಕಿಸಿದರು. ಕರೆಂಟೆಲ್ಲ ಶಾರ್ಟ್ ಇರುವ ಕಡೆಗೇ ನುಗ್ಗುತ್ತೆ, ಅದು ಬಿಸಿಯಾಗುತ್ತೆ, ಅಲ್ಲಿ ಮೊದಲು ಒಣಗುತ್ತೆ. ಬೋರ್ಡೆಲ್ಲ ಒದ್ದೆಯಾಗಿ ಹೊಳೆಯುತ್ತಿರುವಾಗ ಒಂದೇ ಒಂದು ಕಂದು ಬಣ್ಣದ ಕೆಪಾಸಿಟರ್ ಸುತ್ತ ಒಣ ಕಲೆ ಎದ್ದಿತು. 2 ಮಿಲಿಮೀಟರ್ ಉದ್ದ ಇದ್ದರೆ ಹೆಚ್ಚು. 38,000ದ ರೋಗ ಅದು!

ಬೆಸುಗೆ ಸಲೀಸಾಗಿ ಕರಗಲಿ ಅಂತ ಫ್ಲಕ್ಸ್ ಹಚ್ಚಿ, ಹಾಟ್ ಏರ್ ಬಿಟ್ಟು, ಚಿಮಟದಲ್ಲಿ ಎತ್ತಿದರು. ಮೀಟರ್ ಬಾಯಿ ಮುಚ್ಚಿತು. ಗುಜರಿ ಬೋರ್ಡಿನಿಂದ ಅದೇ ಅಳತೆಯ, 25 ವೋಲ್ಟ್ ತಡೆಯುವಂಥದ್ದು ಹುಡುಕಿ ಕೂರಿಸಿದರು. "ಕಡಿಮೆ ವೋಲ್ಟಿಂದು ಹಾಕಿದರೆ ಮತ್ತೆ ನನ್ನ ಹತ್ರನೇ ಬರ್ತೀರ ಸರ್."

1,800 ಕೊಟ್ಟೆ. ಬಿಡಿಭಾಗಕ್ಕಲ್ಲ, ಹುಡುಕಿದ್ದಕ್ಕೆ. ನನ್ನ ತಕರಾರು ಇದೇ. ಸರ್ವಿಸ್ ಸೆಂಟರಿನಲ್ಲಿ ಹುಡುಕುವ ಕೆಲಸವನ್ನೇ ಯಾರೂ ಮಾಡಲ್ಲ. ಹುಡುಕದೆಯೇ "ಹೋಗಿದೆ" ಅಂತ ತೀರ್ಪು ಕೊಡುತ್ತಾರೆ. ಕೌಂಟರಿನಲ್ಲಿದ್ದ ಹುಡುಗನನ್ನ ಬೈಯಲ್ಲ, ಪಾಪ, ಅವನ ಕೈಗೆ ಯಾರೂ ಮೀಟರ್ ಕೊಟ್ಟ ಹಾಗೆ ಕಾಣಲಿಲ್ಲ.

"ಎಸ್‌ಪಿ ರೋಡಿನಲ್ಲಿ ಯಾಮಾರಿಸ್ತಾರೆ, ಕಂಪನಿಯಲ್ಲಿ ಗ್ಯಾರಂಟಿ ಇರುತ್ತೆ" ಅಂತ ಈಗ ಯಾರಾದರೂ ಬರುತ್ತೀರಿ. ಹೌದು, ರ‍್ಯಾಮ್ ಎಗರಿಸುವವರೂ ಇದ್ದಾರೆ, ಕಣ್ಣೆದುರಿಗೇ ಬಿಚ್ಚಿಸಿ. ಇನ್ನು ಗ್ಯಾರಂಟಿ? ಸರ್ವಿಸ್ ಸೆಂಟರಿನವರು ಕೊಟ್ಟ ಕಾಗದದಲ್ಲಿ ಹೊಸ ಬೋರ್ಡಿಗೆ ಬರೆದಿದ್ದು ಮೂರು ತಿಂಗಳು. ಕೆಳಗೆ ಸಣ್ಣ ಅಕ್ಷರದಲ್ಲಿ, ಡೇಟಾಗೆ ನಾವು ಜವಾಬ್ದಾರರಲ್ಲ. ಈ ಮಾಡೆಲಿನಲ್ಲಿ ಎಸ್‌ಎಸ್‌ಡಿ, ಅಂದರೆ ಫೈಲುಗಳೆಲ್ಲ ಇರುವ ಡ್ರೈವ್, ಬೋರ್ಡಿಗೇ ಸೋಲ್ಡರ್ ಆಗಿದೆ ಸ್ವಾಮಿ! ಬೋರ್ಡ್ ಬದಲಾದರೆ ತಂಗಿಯ ಥೀಸಿಸ್ಸೂ ಅದರ ಜೊತೆಗೇ ಗುಜರಿಗೆ.

2022ರ ಡಿಸೆಂಬರಿನಲ್ಲಿ ಕೇಂದ್ರ ಸರ್ಕಾರ ರಿಪೇರಿ ಮಾಹಿತಿ ಜನರಿಗೆ ಸಿಗಲಿ ಅಂತ 'ರೈಟ್ ಟು ರಿಪೇರ್' ಪೋರ್ಟಲ್ ಶುರು ಮಾಡಿತು. ಸಂತೋಷ. ಆದರೆ ಈ ಅಂಗಡಿಯವರು ಸ್ಕೀಮ್ಯಾಟಿಕ್‌ಗೆ, ಅಂದರೆ ಬೋರ್ಡಿನ ಸರ್ಕ್ಯೂಟ್ ನಕ್ಷೆಗೆ, ಇವತ್ತಿಗೂ ಯಾರ್ಯಾರನ್ನೋ ಗೋಗರೆಯುತ್ತಾರೆ.

ಸತ್ಯ ಹೇಳಿಬಿಡಲಾ? ನನಗೆ ಹೊಟ್ಟೆಕಿಚ್ಚಾಯಿತು. ನಾನು ಎಲೆಕ್ಟ್ರಾನಿಕ್ಸ್ ಇಂಜಿನಿಯರ್ ಅಂತ ನಿಮಗೆಲ್ಲ ಗೊತ್ತು. ಕೆಪಾಸಿಟರಿನ ಸೂತ್ರ, ಎಕ್ಸ್‌ಸಿ ಈಕ್ವಲ್ಸ್ ಒನ್ ಬೈ ಟೂ ಪೈ ಎಫ್‌ಸಿ ಅಂತ ನಿದ್ದೆಯಲ್ಲೂ ಹೇಳುತ್ತೇನೆ. ಹಾಟ್ ಏರ್ ಗನ್ ಹಿಡಿದಿದ್ದು ಮಾತ್ರ ಇವತ್ತೇ, ಅದೂ ಅವರು "ಸ್ವಲ್ಪ ಹಿಡ್ಕೊಳ್ಳಿ ಸರ್" ಅಂತ ಚಹಾ ತೆಗೆದುಕೊಳ್ಳಲು ತಿರುಗಿದಾಗ.

ಅಂಗಡಿ ಎಲ್ಲಿ ಅಂತ ಕಾಮೆಂಟಿನಲ್ಲಿ ಕೇಳಬೇಡಿ, ಮೆಸೇಜ್ ಮಾಡಿ. ಚಾರ್ಜರ್ ಜೊತೆಗಿರಲಿ. ಕಾರು ಮಾತ್ರ ಬೇಡ, ಚಿಕ್ಕಪೇಟೆ ಮೆಟ್ರೋದಲ್ಲಿ ಇಳಿದು ನಡೆಯಿರಿ.