ಸ್ಮಶಾನವನ್ನೂ ಆರಿಸಿಕೊಂಡ ವಕೀಲ

ಪೆನ್ಸಿಲ್ವೇನಿಯಾದ ಲ್ಯಾಂಕಾಸ್ಟರ್ ಊರಲ್ಲಿ, ಚೆಸ್ಟ್‌ನಟ್ ಮತ್ತು ಮಲ್ಬೆರಿ ಬೀದಿಗಳು ಕೂಡುವ ಮೂಲೆಯಲ್ಲಿ ಒಂದು ಪುಟ್ಟ ಸ್ಮಶಾನವಿದೆ. ವಕೀಲರಾಗಿದ್ದು ಆಮೇಲೆ ಅಮೆರಿಕದ ಸಂಸತ್ತಾದ ಕಾಂಗ್ರೆಸ್‌ನ ಸದಸ್ಯರಾದ ಥ್ಯಾಡಿಯಸ್ ಸ್ಟೀವನ್ಸ್ ಅವರ ಗೋರಿ ಇರುವುದು ಅಲ್ಲಿ. ಕಲ್ಲಿನ ಮೇಲಿನ ಮಾತು ಅವರದ್ದೇ. ಅದರ ಸಾರ ಇಷ್ಟು: ಏಕಾಂತ ಇಷ್ಟವೆಂದು ನಾನಿಲ್ಲಿ ಮಲಗಿಲ್ಲ, ಬೇರೆ ಸ್ಮಶಾನಗಳಲ್ಲಿ ಜನಾಂಗ ನೋಡಿ ಜಾಗ ಕೊಡುತ್ತಾರೆ; ಬದುಕಿಡೀ ವಾದಿಸಿದ್ದನ್ನು ಸಾವಿನಲ್ಲೂ ತೋರಿಸಬೇಕೆಂದು ಇದನ್ನು ಆರಿಸಿಕೊಂಡೆ, ಸೃಷ್ಟಿಕರ್ತನ ಮುಂದೆ ಮನುಷ್ಯರೆಲ್ಲ ಸಮಾನರು.

ಓದಿದಾಗ ನನಗೆ ನಮ್ಮೂರ ಕೆರೆ ಕಣ್ಣಿಗೆ ಬಂತು. ಏರಿಯ ಈಚೆ ನಮ್ಮವರ ಸುಡುಗಾಡು. ಆಚೆ, ಮಳೆಗಾಲದಲ್ಲಿ ನೀರು ನಿಲ್ಲುವ ತಗ್ಗಿನಲ್ಲಿ, ಕೇರಿಯವರದ್ದು. ಅಪ್ಪ ಹೋದಾಗ ಸೌದೆ ಒಡೆದು ತಂದವರು, ತಮಟೆ ಬಡಿದುಕೊಂಡು ಮುಂದೆ ನಡೆದವರು ಆಚೆಯವರೇ. ಅಪ್ಪನನ್ನು ಈಚೆ ಸುಟ್ಟೆವು. ಅವತ್ತು ನನಗೆ ಇದರಲ್ಲಿ ಏನೂ ತಪ್ಪು ಕಾಣಲಿಲ್ಲ ಎನ್ನುವುದೇ ಇವತ್ತು ನನ್ನನ್ನು ಕೊರೆಯುತ್ತದೆ.

ಸ್ಟೀವನ್ಸ್ ಹುಟ್ಟಿದ್ದು 1792ರಲ್ಲಿ, ವರ್ಮಾಂಟ್‌ನ ಬಡ ಮನೆಯಲ್ಲಿ. ಹುಟ್ಟಿನಿಂದಲೇ ಒಂದು ಪಾದ ಸೊಟ್ಟ. ಅಪ್ಪ ಮನೆ ಬಿಟ್ಟು ಹೋದ. ಅಮ್ಮ ದುಡಿದು ಓದಿಸಿದಳು. ಗೆಟ್ಟಿಸ್‌ಬರ್ಗ್‌ನಲ್ಲಿ ವಕೀಲಿ ಶುರುಮಾಡಿದರು. 1821ರಲ್ಲಿ ಅವರು ಗೆದ್ದ ಮೊಕದ್ದಮೆಯೊಂದನ್ನು ಇಲ್ಲಿಯ, ಅಂದರೆ ಅಮೆರಿಕದ, ಇತಿಹಾಸಕಾರರು ಮುಚ್ಚಿಡುವುದಿಲ್ಲ. ಹೊರ ರಾಜ್ಯದಿಂದ ತಂದು ಆರು ತಿಂಗಳು ಪೆನ್ಸಿಲ್ವೇನಿಯಾದಲ್ಲಿ ಇರಿಸಿಕೊಂಡ ಗುಲಾಮರಿಗೆ ಬಿಡುಗಡೆ ಎಂಬ ಕಾನೂನಿತ್ತು. ಚಾರಿಟಿ ಬಟ್ಲರ್ ಎಂಬ ಹೆಣ್ಣುಮಗಳು ಅದನ್ನು ನಂಬಿ ಕೋರ್ಟಿಗೆ ಬಂದಳು. ಆಗಾಗ ಬಂದು ಹೋದ ದಿನಗಳನ್ನು ಕೂಡಿಸಿ ಲೆಕ್ಕ ಹಾಕುವಂತಿಲ್ಲ ಎಂದು ಸ್ಟೀವನ್ಸ್ ಮಾಲೀಕನ ಪರ ವಾದಿಸಿದರು. ಅವಳು ಗುಲಾಮಳಾಗಿಯೇ ಉಳಿದಳು.

ಇಂಥದ್ದನ್ನು ನಮ್ಮಲ್ಲಿ ಬರೆಯುತ್ತೇವೆಯೇ? ಜಯಂತಿಯ ದಿನ ಹಾರ ಹಾಕುವ ನಾಯಕರ ಬಗ್ಗೆ ನಾನು ಶಾಲೆಯಲ್ಲಿ ಬಾಯಿಪಾಠ ಮಾಡಿದ ಯಾವ ಭಾಷಣದಲ್ಲೂ ಅವರು ತಪ್ಪಿದ ಒಂದು ದಿನ ಇರಲಿಲ್ಲ. ತಪ್ಪಿದವರು ತಿರುಗಿ ನಿಂತದ್ದನ್ನು ಕಂಡರೆ ಮಕ್ಕಳಿಗೆ ಹೆಚ್ಚು ಧೈರ್ಯ ಬರುತ್ತದೆ ಎಂಬುದು ನನ್ನ ಅನಿಸಿಕೆ. ಅದೇ ವಕೀಲರು ಆಮೇಲೆ ಓಡಿಬಂದ ಗುಲಾಮರ ಪರ ಕೋರ್ಟಿನಲ್ಲಿ ನಿಂತರು. 1835ರಲ್ಲಿ, ರದ್ದಾಗಲಿದ್ದ ಉಚಿತ ಶಾಲೆಗಳ ಕಾನೂನನ್ನು ರಾಜ್ಯದ ಶಾಸನಸಭೆಯಲ್ಲಿ ಮಾತಿನ ಬಲದಿಂದ ಉಳಿಸಿದರು. ಕಪ್ಪು ಜನರ ಮತದ ಹಕ್ಕು ಕಿತ್ತುಕೊಂಡ ಹೊಸ ರಾಜ್ಯ ಸಂವಿಧಾನಕ್ಕೆ 1838ರಲ್ಲಿ ಸಹಿ ಹಾಕಲಿಲ್ಲ. ಅಂತರ್ಯುದ್ಧದಲ್ಲಿ ಗುಲಾಮಗಿರಿಯ ಪರವಿದ್ದ ದಕ್ಷಿಣದ ಸೈನ್ಯ ಅವರ ಕಬ್ಬಿಣದ ಕಾರ್ಖಾನೆಯನ್ನು ಸುಟ್ಟುಹಾಕಿತು.

ಕಾಂಗ್ರೆಸ್‌ನಲ್ಲಿ ಅವರು ದುಡಿದು ತಂದ ದೊಡ್ಡ ಫಲ ಅಮೆರಿಕದ ಸಂವಿಧಾನದ 14ನೇ ತಿದ್ದುಪಡಿ. ತಮಗೆ ಬೇಕಾದಷ್ಟು ಅದರಲ್ಲಿಲ್ಲ ಎಂಬ ನೋವಿದ್ದೂ ಒಪ್ಪಿಕೊಂಡರು. ಅದು ಜಾರಿಗೆ ಬಂದದ್ದು 1868ರ ಜುಲೈನಲ್ಲಿ. ಆಗಸ್ಟ್ 11ರಂದು ಅವರು ತೀರಿಕೊಂಡರು. ಕಾನೂನಿನ ಸಮಾನ ರಕ್ಷಣೆ ಎಂಬ ಅದರ ಮಾತು ನಮ್ಮ ಸಂವಿಧಾನದ 14ನೇ ವಿಧಿಯಲ್ಲೂ ಇದೆ. ಸಂಖ್ಯೆ ಒಂದೇ ಆದದ್ದು ಕಾಕತಾಳೀಯ, ಮಾತಿನ ನಂಟು ಹಾಗಲ್ಲ.

ಅಮೆರಿಕ ನಮಗಿಂತ ಮೇಲು ಎಂದು ನಾನು ಹೇಳುತ್ತಿಲ್ಲ. ಕಪ್ಪು ಜನರಿಗೆ ಜಾಗ ಕೊಡದ ಸ್ಮಶಾನಗಳು ಸ್ಟೀವನ್ಸ್ ಸತ್ತು ನೂರು ವರ್ಷವಾದರೂ ಇಲ್ಲಿದ್ದವು. ಆದರೆ ಇಲ್ಲಿ ಭೇದ ಎಷ್ಟೋ ಕಡೆ ಕಾಗದದ ಮೇಲಿತ್ತು. ಕಾಗದದ ಮೇಲಿದ್ದದ್ದಕ್ಕೆ ಎದುರು ನಿಂತು ವಾದಿಸಬಹುದು. ನಮ್ಮೂರಿನ ಆ ಎರಡು ಸುಡುಗಾಡು ಯಾವ ಕಾನೂನಿನಲ್ಲೂ ಇಲ್ಲ. ಕೇಳಿದರೆ 'ಮೊದಲಿನಿಂದ ಹಾಗೇ ಇದೆ' ಅನ್ನುತ್ತಾರೆ. ಯಾರ ಮೇಲೆ ದಾವೆ ಹೂಡುವುದು?

ಸ್ಟೀವನ್ಸ್ ಕಂಡುಕೊಂಡ ದಾರಿ ತನ್ನ ಹೆಣವನ್ನೇ ಸಾಕ್ಷಿಯಾಗಿ ಇಡುವುದು. ಅದಕ್ಕೆ ಯಾರ ಅಪ್ಪಣೆಯೂ ಬೇಕಿರಲಿಲ್ಲ.

ಹೋದ ಸಲ ಊರಿಗೆ ಹೋದಾಗ ಅಣ್ಣನಿಗೆ ಹೇಳಿದೆ: ನನ್ನ ಬೂದಿ ಊರಿಗೆ ಬಂದರೆ ಏರಿಯ ಆಚೆ ಒಂದು ಹಿಡಿ ಜಾಗ ಕೇಳು. ಕೇರಿಯ ಹಿರಿಯರನ್ನೇ ಕೇಳಬೇಕು, ಅವರು ಒಪ್ಪಿದರೆ ಮಾತ್ರ. ಅಣ್ಣ ಬಹಳ ಹೊತ್ತು ಕೆರೆಯನ್ನೇ ನೋಡುತ್ತಾ ಕೂತಿದ್ದ. 'ಅಮ್ಮ ಇರುವವರೆಗೆ ಈ ಮಾತು ಎತ್ತಬೇಡ ಮಾರಾಯ' ಅಂದ.