ಗ್ಯಾಟಿನೊ ಬೆಟ್ಟದ ದಾರಿ: ಕಾರಿಗೆ ದಿನವೂ ತೆರೆದಿರಬೇಕೇ?

ಕೆನಡಾದ ರಾಜಧಾನಿ ಒಟ್ಟಾವಾದಿಂದ ನದಿ ದಾಟಿ ಕಾಲು ಗಂಟೆ ಹೋದರೆ ಕ್ವಿಬೆಕ್ ಪ್ರಾಂತ್ಯದ ಗ್ಯಾಟಿನೊ ಪಾರ್ಕ್ ಸಿಗುತ್ತದೆ. 1938ರಲ್ಲಿ ಶುರುವಾದ ಇದು ಈಗ 361 ಚದರ ಕಿಲೋಮೀಟರಿನ ಕಾಡು. ಮೇಪಲ್ ಮರಗಳ ನಡುವೆ ಬೆಟ್ಟ ಹತ್ತಿ ಶಾಂಪ್ಲೇನ್ ನೋಟತಾಣ ಮುಟ್ಟಿಸುವ ಪಾರ್ಕ್‌ವೇ ರಸ್ತೆಗಳು ನ್ಯಾಷನಲ್ ಕ್ಯಾಪಿಟಲ್ ಕಮಿಷನ್ ಎಂಬ ಕೇಂದ್ರ ಸರ್ಕಾರಿ ಸಂಸ್ಥೆಯ ಸುಪರ್ದಿಯಲ್ಲಿವೆ. 2020ರಲ್ಲಿ ಕೋವಿಡ್ ಬಂದಾಗ ಈ ರಸ್ತೆಗಳಲ್ಲಿ ಕಾರು ನಿಂತಿತು. ನಡೆಯುವವರು, ಸೈಕಲ್ಲಿನವರು ತುಂಬಿಕೊಂಡರು. ಆಮೇಲೆ ಕಾರು ಮರಳಿತಾದರೂ ಇಂಥ ದಿನ, ಇಂಥ ಹೊತ್ತು ಎಂಬ ಹಂಚಿಕೆ ಉಳಿಯಿತು. ಹಿಮವಿಲ್ಲದ ತಿಂಗಳುಗಳಲ್ಲಿ ಈ ದಾರಿ ದಿನವೂ ಕಾರಿಗೆ ತೆರೆದಿರಬೇಕೇ?

ಪರ: ನಡೆಯಲಾರದವರಿಗೂ ಬೆಟ್ಟ ಬೇಕು

ನಮ್ಮತ್ತೆ ತೀರ್ಥಹಳ್ಳಿಯವರು. ಎರಡೂ ಮಂಡಿ ಹೋಗಿವೆ. ಒಂದು ಅಕ್ಟೋಬರಿನಲ್ಲಿ ನಮ್ಮಲ್ಲಿಗೆ ಬಂದಿದ್ದಾಗ, ಕಾರಿಗೆ ಬಿಡುವ ದಿನ ನೋಡಿಕೊಂಡು ಅವರನ್ನು ಶಾಂಪ್ಲೇನ್ ನೋಟತಾಣಕ್ಕೆ ಕರೆದುಕೊಂಡು ಹೋದೆವು. ಕಾರಿನಿಂದ ಕಲ್ಲಿನ ಕಟ್ಟೆಯವರೆಗೆ ಇರುವ ನಾಲ್ಕು ಹೆಜ್ಜೆಯನ್ನು ನನ್ನ ಭುಜ ಹಿಡಿದು ನಡೆದರು. ಕೆಳಗೆ ಒಟ್ಟಾವಾ ನದಿಯ ಬಯಲು, ಸುತ್ತ ಕೆಂಪು ಹಳದಿ ಮರಗಳು. ತುಂಬ ಹೊತ್ತು ಸುಮ್ಮನಿದ್ದು, "ಅಲ್ಲ ಕಣೇ, ಕಾಡಿಗೇ ಅರಿಶಿನ ಕುಂಕುಮ ಕೊಟ್ಟ ಹಾಗಿದೆಯಲ್ಲೇ" ಅಂದರು. ಆಗುಂಬೆಯ ಸೂರ್ಯಾಸ್ತ ನೋಡುವ ಜಾಗ ಘಾಟಿ ರಸ್ತೆಯ ಪಕ್ಕದಲ್ಲೇ ಇದೆ. ಅವರು ಅದನ್ನು ಬಸ್ಸಿನಿಂದಿಳಿದು ನೋಡಿದವರು. ರಸ್ತೆ ಇರುವುದೇ ಅದಕ್ಕೆ ಎಂಬುದು ಅವರ ತಿಳಿವಳಿಕೆ. ನನ್ನದೂ ಅದೇ.

ಈ ದಾರಿಗಳು ಹುಟ್ಟಿದ್ದೇ ಕಾರಿಗಾಗಿ. ಫ್ರಾನ್ಸಿನ ನಗರ ಯೋಜಕ ಜಾಕ್ ಗ್ರೆಬೆ 1950ರಲ್ಲಿ ರಾಜಧಾನಿಗೆ ಹಾಕಿಕೊಟ್ಟ ನಕ್ಷೆಯಲ್ಲಿ, ಊರಿನವರು ಕಾರಿನಲ್ಲಿ ನಿಧಾನವಾಗಿ ಸಾಗುತ್ತ ಕಾಡು ನೋಡುವ ರಸ್ತೆಗಳಿಗೆ ದೊಡ್ಡ ಜಾಗವಿತ್ತು. ತಿರುವುಗಳು, ನಿಂತು ನೋಡುವ ಕಟ್ಟೆಗಳು, ಪಾರ್ಕಿಂಗ್ ಜಾಗಗಳು ಎಲ್ಲವೂ ಆ ಲೆಕ್ಕದಲ್ಲೇ ಆದವು.

ಚಳಿಗಾಲದಲ್ಲಿ ಇವೇ ರಸ್ತೆಗಳು ಹಿಮದಡಿ ಸ್ಕೀ ದಾರಿಗಳಾಗುತ್ತವೆ. ಅದಕ್ಕೆ ನನ್ನ ತಕರಾರಿಲ್ಲ, ನಮ್ಮ ಮಕ್ಕಳೂ ಅಲ್ಲೇ ಸ್ಕೀ ಕಲಿತರು. ಆದರೆ ಹಾಗೆ ಕಳೆದು ಉಳಿಯುವುದು ಸುಮಾರು ಮೇ ತಿಂಗಳಿಂದ ಅಕ್ಟೋಬರ್ ತನಕ. ಅದನ್ನೂ ವಾರದ ಕೆಲವು ದಿನಗಳಿಗೆ ಹರಿದು ಹಂಚಿದರೆ, ಗಾಲಿಕುರ್ಚಿಯವರಿಗೆ, ಕೈಕೂಸು ಇರುವವರಿಗೆ, ಪಾಳಿ ಕೆಲಸದಲ್ಲಿ ಸಿಕ್ಕ ಒಂದೇ ರಜೆಗೆ ಕಾಯುವ ನರ್ಸಿಗೆ ಏನು ಉಳಿಯಿತು? ಅವಳ ರಜೆ ಬಿದ್ದ ದಿನ ಗೇಟು ಮುಚ್ಚಿರುತ್ತದೆ. ಸೈಕಲ್ಲಿನಲ್ಲಿ ಬನ್ನಿ ಎನ್ನುವುದು ಸುಲಭ. ಆ ಏರನ್ನು ತುಳಿದು ಹತ್ತಲು ಒಳ್ಳೆಯ ಸೈಕಲ್ಲು, ಗಟ್ಟಿ ಕಾಲು, ಬಿಡುವು ಮೂರೂ ಬೇಕು. ಮೂರೂ ಇರುವವರು ಅಲ್ಲಿ ಮೊದಲೇ ಇದ್ದಾರೆ.

ಮೊಸರನ್ನದ ಡಬ್ಬಿ, ಚಾಪೆ, ಅಜ್ಜಿ, ಮೊಮ್ಮಗುವನ್ನು ಒಟ್ಟಿಗೆ ಒಯ್ಯುವ ನಮ್ಮಂಥ ಮನೆಗಳಿಗೆ ಕಾರೇ ಗತಿ. ವೇಗ ಇನ್ನೂ ಇಳಿಸಿ, ಬೆಳಗಿನ ಹೊತ್ತನ್ನು ಸೈಕಲ್ಲಿಗೆ ಬಿಡಿ, ಒಪ್ಪುತ್ತೇನೆ. ಆದರೆ ಇಡೀ ದಿನ ಗೇಟು ಹಾಕಬೇಡಿ.

ವಿರೋಧ: ಅತ್ತೆಯವರಿಗೆ ಬಸ್ಸು ಬಿಡಿ

ಆ ಅತ್ತೆಯವರ ಮಾತು ನನ್ನ ಮನಸ್ಸಿಗೂ ನಾಟಿತು. ಆದರೆ ಅವರನ್ನು ಮುಂದಿಟ್ಟುಕೊಂಡು ದಿನವೂ ರಸ್ತೆ ತೆರೆದರೆ ಬರುವುದು ಅವರೊಬ್ಬರ ಕಾರಲ್ಲ. ಕೆನಡಾದ ಥ್ಯಾಂಕ್ಸ್‌ಗಿವಿಂಗ್ ಹಬ್ಬ ಅಕ್ಟೋಬರಿನ ಎರಡನೇ ಸೋಮವಾರ. ಎಲೆಯ ಬಣ್ಣ ಏರುವುದೂ ಸರಿಸುಮಾರು ಆಗಲೇ. ಕಾರಿಗೆ ಬಿಟ್ಟ ಅಂಥದ್ದೊಂದು ಮಧ್ಯಾಹ್ನ ನಾನೂ ಆ ಸಾಲಿನಲ್ಲಿ ಸಿಕ್ಕಿಕೊಂಡಿದ್ದೇನೆ. ಮುಂದಿನ ಕಾರಿನ ಬ್ರೇಕ್ ಲೈಟು ಬಿಟ್ಟರೆ ಬೇರೆ ಕೆಂಪು ಕಣ್ಣಿಗೆ ಬೀಳಲಿಲ್ಲ. ಮೇಲೆ ಪಾರ್ಕಿಂಗ್ ತುಂಬಿತ್ತು, ಇಳಿಯದೆ ಹಿಂದಿರುಗಿದೆವು.

ಇದಕ್ಕೆ ಎದುರಾಗಿ ಇನ್ನೊಂದು ಬೆಳಿಗ್ಗೆ ನೆನಪಾಗುತ್ತದೆ. ಕಾರು ಇಲ್ಲದ ದಿನ. ರಾತ್ರಿಯೆಲ್ಲ ಮಳೆ ಸುರಿದು ಆಗಷ್ಟೇ ಬಿಟ್ಟಿತ್ತು. ಎಂಟು ವರ್ಷದ ಮಗಳು ನನಗಿಂತ ಮುಂದೆ ಸೈಕಲ್ ಹೊಡೆಯುತ್ತಿದ್ದವಳು ಥಟ್ಟನೆ ಇಳಿದಳು. ಹೆಬ್ಬೆರಳಿನಷ್ಟು ಕಪ್ಪೆಗಳು ಒಂದೊಂದಾಗಿ ಡಾಂಬರಿನ ಮೇಲೆ ಕುಪ್ಪಳಿಸಿ ಆಚೆ ಹೋಗುತ್ತಿದ್ದವು. ಅವಳು ಸೈಕಲ್ಲನ್ನು ಹುಲ್ಲಿಗೆ ಒರಗಿಸಿ, ರಸ್ತೆಯ ನಟ್ಟನಡುವೆ ಟ್ರಾಫಿಕ್ ಪೊಲೀಸರ ಹಾಗೆ ಎರಡೂ ಕೈ ಚಾಚಿ ನಿಂತಳು. ಹಿಂದೆ ಬಂದ ಸೈಕಲ್ಲಿನವರೂ ನಿಂತರು. ಕೊನೆಯ ಕಪ್ಪೆ ದಾಟುವ ತನಕ ಯಾರೂ ಬೆಲ್ ಮಾಡಲಿಲ್ಲ. ಕಾರು ಓಡುವ ದಿನ ಮಗುವನ್ನು ಆ ರಸ್ತೆಯ ನಡುವೆ ನಿಲ್ಲಲು ಯಾವ ಅಪ್ಪ ಬಿಟ್ಟಾನು?

ಜನ ಹೆಚ್ಚಾದರೆ ಏನಾಗುತ್ತದೆಂದು ಈ ಕಾಡಿಗೆ ಗೊತ್ತಿದೆ. ಪಾರ್ಕ್‌ವೇ ಬದಿಗೇ ಇರುವ ಪಿಂಕ್ ಲೇಕ್ (ನೀರು ಹಸಿರು, ಹೆಸರು ಅಲ್ಲಿ ನೆಲೆಸಿದ್ದ ಪಿಂಕ್ ಮನೆತನದ್ದು) ಅಪರೂಪದ ಕೆರೆ. ಅದರ ಮೇಲಿನ ನೀರೂ ತಳದ ನೀರೂ ಒಂದರೊಳಗೊಂದು ಬೆರೆಯುವುದಿಲ್ಲ, ತಳದಲ್ಲಿ ಆಮ್ಲಜನಕವೇ ಇಲ್ಲ. ನೋಡಲು ಬಂದವರ ತುಳಿತಕ್ಕೆ ಅದರ ದಡ ಸವೆದು, ಮಣ್ಣು ನೀರಿಗಿಳಿದು ಪಾಚಿ ಹೆಚ್ಚಿತು. ಆಮೇಲೆ ಗಿಡ ನೆಟ್ಟು, ಹಲಗೆ ದಾರಿ ಕಟ್ಟಿ, ಈಜು ನಿಲ್ಲಿಸಿ ಅದನ್ನು ಉಳಿಸಿಕೊಳ್ಳಬೇಕಾಯಿತು.

ಗ್ರೆಬೆಯ ಕಾಲದ ಲೆಕ್ಕ ಗ್ರೆಬೆಯ ಕಾಲಕ್ಕೆ. ಈ ರಾಜಧಾನಿಯಲ್ಲೇ 1970ರಿಂದ ಭಾನುವಾರಗಳಲ್ಲಿ ಪಾರ್ಕ್‌ವೇಗಳನ್ನು ಸೈಕಲ್ಲಿಗೆ ಬಿಡುವ ಪದ್ಧತಿ ಇದೆ. ಕೋವಿಡ್ ಅದನ್ನು ಹಿಗ್ಗಿಸಿತು, ಅಷ್ಟೆ. ಊರೊಳಗೆ ಕಾಲುವೆ ದಂಡೆಯ ಕ್ವೀನ್ ಎಲಿಜಬೆತ್ ಡ್ರೈವ್‌ವೇ ರಸ್ತೆಯನ್ನು ಕಾರಿಗೆ ಮುಚ್ಚುವ ವಿಚಾರದಲ್ಲಿ ಒಟ್ಟಾವಾದ ಮೇಯರ್ ಮಾರ್ಕ್ ಸಟ್‌ಕ್ಲಿಫ್ ಕಾರುಗಳ ಪರ ನಿಂತಿದ್ದಾರೆ. ಅಲ್ಲಾದರೂ ಜನ ಕೆಲಸಕ್ಕೆ ಓಡಾಡುತ್ತಾರೆ. ಈ ಬೆಟ್ಟದ ದಾರಿಯಲ್ಲಿ ಯಾರಿಗೂ ಆಫೀಸಿಗೆ ತಡವಾಗುವುದಿಲ್ಲ.

ನಾನು ಬೆಂಗಳೂರಿನವನು. ಕಬ್ಬನ್ ಪಾರ್ಕಿನಲ್ಲಿ ಭಾನುವಾರ ವಾಹನ ನಿಲ್ಲಿಸಿದ ಮೇಲೆ ನಮ್ಮ ತಂದೆ ರಸ್ತೆಯ ಮಧ್ಯದಲ್ಲೇ, ಕೋಲೂರಿಕೊಂಡು, ಹಿಂದೆ ತಿರುಗಿ ನೋಡದೆ ನಡೆಯುತ್ತಿದ್ದರು. ವಯಸ್ಸಾದವರು ಕಾರು ಹೋದದ್ದಕ್ಕೆ ಕೊರಗುತ್ತಾರೆಂದು ನನಗೆ ಅನ್ನಿಸಿಲ್ಲ.

ಹಾಗಾದರೆ ಮಂಡಿ ನೋವಿನವರು? ಶರತ್ಕಾಲದಲ್ಲಿ ಒಟ್ಟಾವಾದಿಂದ ಪಾರ್ಕಿಗೆ ಪುಕ್ಕಟೆ ಶಟಲ್ ಬಸ್ಸು ಓಡಿಸಿದ್ದಾರೆ. ಅದು ಎಲೆ ಕೆಂಪಾಗುವ ಕೆಲವೇ ವಾರಗಳಿಗೆ ನಿಲ್ಲಬಾರದು. ಮೇ ತಿಂಗಳಿಂದಲೇ ಓಡಲಿ, ಗಾಲಿಕುರ್ಚಿ ಹತ್ತುವಂತಿರಲಿ, ಕಾರಿಲ್ಲದ ದಿನಗಳಲ್ಲೂ ಮೇಲಿನ ಕಟ್ಟೆಯ ತನಕ ಹೋಗಲಿ. ಕಾರೇ ಕೊಳ್ಳಲಾಗದ ಮನೆಯ ಅಜ್ಜಿಯೂ ಆಗ ಅದರಲ್ಲಿ ಹತ್ತಬಹುದು. ತೀರ್ಥಹಳ್ಳಿಯ ಅತ್ತೆಯವರಿಗೆ ಡ್ರೈವರ್ ಹಿಂದಿನ ಕಿಟಕಿ ಸೀಟು ಕೊಡಲಿ.